ಎಚ್ಚರಾದ ಮೇಲಿನ ಮೊಸರು-ಸಕ್ಕರೆ

ಆಸ್ಪತ್ರೆಯ ಪಡಸಾಲೆಗೆ ಕಾಲಿಟ್ಟ ಕೂಡಲೇ ಕ್ಲೋರೋಫಾರ್ಮಿನ ಸಿಹಿ ವಾಸನೆ ಬಂತು ನೋಡ್ರಿ, ನನಗೆ ನಿಂತಲ್ಲೇ ಕಣ್ಣು ಎಳೆಯತೊಡಗಿತು. ಒಳಗೆ ಮೊಮ್ಮಗನಿಗೆ ಕಿವಿಯ ಹಿಂದಿನ ಬಾವು ಕೊಯ್ಯುತ್ತಿದ್ದಾರೆ. ಹೊರಗೆ ನಾನು, ಸೆರಗಿನಡಿ ಒಂದು ಬೆಳ್ಳಿ ಬಟ್ಟಲು. ಬಟ್ಟಲಿನ ಸುದ್ದಿ ಆಮೇಲೆ. ನನ್ನ ಮಾತು ಯಾವತ್ತೂ ಊರೆಲ್ಲ ಸುತ್ತಿಯೇ ಮನೆಗೆ ಬರುವುದು.

ಈ ವಾಸನೆ ಮೊದಲ ಸಲ ಮೂಸಿದಾಗ ನಾನು ಆರೇಳು ವರ್ಷದವಳು. ಧಾರವಾಡದಿಂದ ಪುಣೆಗೆ ಬಂದು ಅಪ್ಪ ಅಲ್ಲಿಯ ಖಡಕಿ ದಂಡಿನಲ್ಲಿ ಕಾರಕೂನನಾಗಿದ್ದ. ಪೇರಲ ಗಿಡದಿಂದ ಬಿದ್ದು ನನ್ನ ಕೈ ಮುರಿದು ಸೊಟ್ಟಗೇ ಕೂಡಿಕೊಂಡಿತ್ತು. ಮದ್ದು ಮೂಸಿಸಿ ಮಲಗಿಸಿ, ಮತ್ತೆ ಮುರಿದು ನೆಟ್ಟಗೆ ಮಾಡಬೇಕಿತ್ತು. ಹೊಟ್ಟೆ ಖಾಲಿ ಇರಲಿ, ನೀರೂ ಬೇಡ ಎಂದು ಆಸ್ಪತ್ರೆಯವರ ತಾಕೀತು. ಅವ್ವ ಅಡಿಗೆಮನೆಗೆ ಚಿಲಕ ಹಾಕಿದಳು. ಆದರೆ ಟಾಂಗಾ ಹತ್ತುವಾಗ ಅಜ್ಜಿ ನನ್ನ ಅಂಗೈಗೆ ಮೊಸರು-ಸಕ್ಕರೆ ಹಾಕಿದಳು. ಟಾಂಗಾ ಅಲುಗಿ ಅರ್ಧ ಚೆಲ್ಲಿತು, ಅಪಶಕುನವಾಯಿತೆಂದು ಇನ್ನೊಮ್ಮೆ ಹಾಕಿದಳು. ಊರಿಗೆ, ಪರೀಕ್ಷೆಗೆ, ಎಲ್ಲಿಗೆ ಹೊರಟರೂ ನಮ್ಮಲ್ಲಿ ಅದು ಇದ್ದದ್ದೇ. ಯಾರೂ ಅದನ್ನು ತಿನ್ನುವುದರ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಮದ್ದು ಮೂಸಿಸುವ ಡಾಕ್ಟರು ಬೆಳಗಾವಿ ಕಡೆಯವರು. "ಹುಡುಗಿ ಏನರ ತಿಂದದೇನ್ರಿ?"

"ಏನೂ ಇಲ್ರಿ, ಹನಿ ನೀರ ಸುದ್ದಾ ಕೊಟ್ಟಿಲ್ಲ" ಎಂದಳು ಅವ್ವ, ಮನಸಾರೆ.

ಅವರು ನನ್ನ ಪಕ್ಕ ಕುಳಿತು ಮೆಲ್ಲಗೆ ಕೇಳಿದರು: "ಮನಿ ಬಿಡೂಮುಂದ ಮೊಸರು-ಸಕ್ಕರಿ ಯಾರು ಕೊಟ್ರವ್ವಾ?"

"ಅಜ್ಜಿ. ಎರಡ ಸಲ" ಎಂದೆ, ದೊಡ್ಡಸ್ತಿಕೆಯಿಂದ.

ಡಾಕ್ಟರು ಮದ್ದಿನ ಬಟ್ಟೆ, ಬಾಟಲಿ ಎರಡನ್ನೂ ಕೆಳಗಿಟ್ಟರು. "ಇವತ್ತ ಬ್ಯಾಡ."

ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಅದು ಶಕುನರೀ, ಊಟ ಅಲ್ಲ."

"ಹೊಟ್ಟಿಗೆ ಅದು ತಿಳಿಯೂದಿಲ್ರಿ. ನಿದ್ದಿಯೊಳಗ ವಾಂತಿ ಬಂದು ಉಸಿರಿನ ದಾರಿಗೆ ಹೋತಂದ್ರ ಕೂಸು ನಮ್ಮ ಕೈಗೆ ಸಿಗೂದಿಲ್ಲ."

ಜೊತೆಗೆ ಬಂದಿದ್ದ ಅಜ್ಜಿ ನನ್ನ ಅಂಗೈಯನ್ನು ತನ್ನ ಸೆರಗಿನಿಂದ ಒರೆಸತೊಡಗಿದಳು. ಡಾಕ್ಟರು ಬೈಯಲಿಲ್ಲ. "ಅಜ್ಜೀ, ನಾಳೆ ಮೊಸರಿನ ಬಟ್ಟಲಾ ಇಲ್ಲಿಗೇ ತರ್ರಿ. ಹುಡುಗಿ ಎಚ್ಚರಾಗಿ, ನಾ ಹೂಂ ಅಂದ ಮ್ಯಾಲ ನಿಮ್ಮ ಕೈಯಾರೆ ಕೊಡ್ರಿ."

ಮರುದಿನದ್ದು ಅರ್ಧ ಕನಸು. ಮೂಗಿನ ಮೇಲೆ ಬಟ್ಟೆ, ಹನಿಹನಿಯಾಗಿ ಸಿಹಿ. ಕೈ ಸರಿಮಾಡುವವರು ಬೇರೆ. ಮದ್ದು ಮೂಸಿಸುವ ಇವರು ನನ್ನ ಕೈಯತ್ತ ನೋಡಲೇ ಇಲ್ಲ, ಉಸಿರನ್ನೇ ನೋಡುತ್ತ ಕೂತರು. ಆ ಕಣ್ಣುಗಳು ದೂರ ದೂರ ಸರಿದವು, ಹೊರಗಿನ ಟಾಂಗಾ ಗೆಜ್ಜೆ ನೀರಿನಡಿಯಿಂದ ಕೇಳಿದ ಹಾಗಾಯಿತು. ಆಮೇಲೆ ಎಷ್ಟೋ ಹೊತ್ತಿಗೆ ನಾಲಿಗೆಯ ಮೇಲೆ ಮೊಸರು, ಎದುರಿಗೆ ಅಜ್ಜಿಯ ಒದ್ದೆ ಮುಖ.

ಈ ಕಥೆ ಹೇಳಿ ಹೇಳಿ ಅಜ್ಜಿಯನ್ನು ನಗೆಪಾಟಲು ಮಾಡಿದವಳು ನಾನು. ಇವತ್ತು ಮೊಮ್ಮಗ ಹೊಸ್ತಿಲು ದಾಟುವಾಗ ನನ್ನ ಕೈಯೇ ಮೊಸರಿನ ಗಡಿಗೆಗೆ ಹೋಗಿತ್ತು, ಎಲ್ಲಾ ಗೊತ್ತಿದ್ದೂ. ಸೊಸೆ "ಅತ್ತೀ" ಅಂದಳು, ಅಷ್ಟೇ. ಅವನಿಗೆ ಕೊಡದೆ, ಮೊಸರು-ಸಕ್ಕರೆಯ ಬಟ್ಟಲನ್ನು ಸೆರಗಿನಡಿ ಮುಚ್ಚಿಕೊಂಡು ಬಂದೆ. ಭಾಳ ಹೆದರಿಕೆಯಾಗುತ್ತಿದೆ. ಅವನ ಉಸಿರನ್ನೇ ನೋಡುತ್ತ ಒಳಗೆ ಒಬ್ಬರು ಕೂತಿರಬೇಕು, ಕೂತೇ ಇರಬೇಕು.

ಬಾಗಿಲು ತೆರೆಯಿತು. ಹುಡುಗನಿಗೆ ಎಚ್ಚರವಾಗಿದೆ, ಅಜ್ಜಿ ಎಲ್ಲಿ ಅನ್ನುತ್ತಿದ್ದಾನೆ ಎಂದಳು ನರ್ಸಬಾಯಿ, ಮರಾಠಿಯಲ್ಲಿ. ಏಳಹೋದೆ, ಅವಸರಕ್ಕೆ ಅರ್ಧ ಮೊಸರು ಸೀರೆಯ ಮೇಲೆ ಚೆಲ್ಲಿತು. ಉಳಿದರ್ಧವನ್ನು ಎರಡೂ ಕೈಯಲ್ಲಿ ಹಿಡಿದು, ಡಾಕ್ಟರು ಹೂಂ ಅಂದಾರೇನು ಎಂದು ಮೊದಲು ಕೇಳಿದೆ.