ಹಳೆಯ ಫ್ರಿಜ್ಜಿನ ಬದಲಿಗೆ

ನನ್ನ ಮದುವೆ ಗೊತ್ತಾದಾಗ ನನಗೆ ಮೂವತ್ತೆಂಟು ದಾಟಿತ್ತು. ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದೆ, ಅಣ್ಣ ಅತ್ತಿಗೆಯ ಮನೆಯಲ್ಲಿದ್ದೆ. ನನ್ನ ಮದುವೆಯ ಮಾತನ್ನು ಎಲ್ಲರೂ ಬಿಟ್ಟೇಬಿಟ್ಟಿದ್ದರು. ಅಂಥ ಹೊತ್ತಿನಲ್ಲಿ ದೊಡ್ಡಮ್ಮ ಮೊಳಕಾಲ್ಮೂರಿನ ಒಬ್ಬರ ವಿಷಯ ತಂದಳು. ರೇಷ್ಮೆ ಸೀರೆ ನೇಯುವವರು, ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಪಿಯುಸಿ ಓದುವ ಮಗಳಿದ್ದಳು. ನಮ್ಮದೂ ಮೂಲದಲ್ಲಿ ಮಗ್ಗದವರ ಮನೆಯೇ. ಅಪ್ಪನ ಕಾಲಕ್ಕೆ ಮಗ್ಗ ಹೋಗಿ ಮನೆಮಾತು ತೆಲುಗು ಮಾತ್ರ ಉಳಿದಿತ್ತು.

ಸೀರೆ ನೋಡುವ ನೆಪ ಮಾಡಿಕೊಂಡು ನಾನೇ ದೊಡ್ಡಮ್ಮನ ಜೊತೆ ಅವರ ಮನೆಗೆ ಹೋದೆ. ಅವರು ಮಗ್ಗದಿಂದ ಎದ್ದು ಬಂದು ನಮಸ್ಕಾರ ಮಾಡಿದರು, ಆಮೇಲೆ ಏನು ಮಾತಾಡಬೇಕೆಂದು ತಿಳಿಯದೆ ಫೋನು ನೋಡುತ್ತಾ ಕೂತರು. ಮಗಳಿಗೆ ಲ್ಯಾಪ್‌ಟಾಪ್ ಕೊಳ್ಳಬೇಕಿತ್ತಂತೆ. ಯಾರೋ ಕಳಿಸಿದ ರಿಯಾಯಿತಿ ಕೋಡನ್ನು ಬೆಳಿಗ್ಗೆಯಿಂದ ಹಾಕುತ್ತಿದ್ದರು, ಅದು ಒಪ್ಪುತ್ತಿರಲಿಲ್ಲ. ನಾನು ಫೋನು ಈಸಿಕೊಂಡು ನೋಡಿದೆ. ಕೋಡು ಸುಳ್ಳಲ್ಲ, ಆದರೆ ಒಂದು ಬ್ಯಾಂಕಿನ ಕಾರ್ಡಿಗೆ ಮಾತ್ರ ನಡೆಯುತ್ತದೆ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಅದೇ ಲ್ಯಾಪ್‌ಟಾಪನ್ನು ತಯಾರಿಸುವ ಕಂಪನಿಯವರ ಸೈಟಿನಲ್ಲಿ ಹುಡುಕಿದೆ. ಅಲ್ಲಿ ಓದುವ ಮಕ್ಕಳಿಗೆಂದೇ ಬೆಲೆ ಇಳಿಸಿದ್ದರು, ಕೋಡಿಲ್ಲದೆಯೂ ಕಮ್ಮಿಗೆ ಬರುತ್ತಿತ್ತು.

"ಇದೆಲ್ಲ ನಿಮಗೆ ಹೆಂಗೆ ಗೊತ್ತು?" ಎಂದು ಕೇಳಿದರು.

ಮಿಲ್ಲಿನಲ್ಲಿ ವ್ಯಾಪಾರಿಗಳಿಗೆ ಕೊಡುವ ಸೋಡಿಯ, ಅಂದರೆ ರಿಯಾಯಿತಿಯ, ಲೆಕ್ಕ ಬರೆಯುವವಳು ನಾನೇ, ಯಾವ ಸೋಡಿಯನ್ನು ಬೆಲೆ ಏರಿಸಿ ಕೊಟ್ಟಿರುತ್ತಾರೆ ಎಂದು ಗೊತ್ತಾಗುತ್ತದೆ ಎಂದೆ. ಅವರು ನಕ್ಕರು. ಮಗಳು ಮಾತ್ರ ಥ್ಯಾಂಕ್ಸ್ ಹೇಳಿ ಒಳಗೆ ಹೋದಳು. ಕುಡಿಯುವ ನೀರಿಗೆಂದು ಅಡುಗೆಮನೆಗೆ ಹೋದಾಗ ಅಲ್ಲೊಂದು ಹಳೆಯ ಕೆಂಪು ಫ್ರಿಜ್ಜು ಗರಗರ ಸದ್ದು ಮಾಡುತ್ತಿತ್ತು. ಅದರ ಪಕ್ಕದ ಮೈಗೆ ಹಣೆಯ ಬೊಟ್ಟಿನ ಸ್ಟಿಕ್ಕರುಗಳನ್ನು ಸಾಲುಸಾಲಾಗಿ ಅಂಟಿಸಿದ್ದರು. ನಮ್ಮ ಅವ್ವನೂ ಮುಖ ತೊಳೆಯುವ ಮುಂಚೆ ಹಾಗೆ ಕನ್ನಡಿಗೆ ಅಂಟಿಸಿಡುತ್ತಿದ್ದಳು. ನೋಡಿದೆ, ನೀರು ಕುಡಿದು ಹೊರಗೆ ಬಂದೆ.

ಮದುವೆಗೆ ಎರಡೂ ಕಡೆ ಒಪ್ಪಿದರು. ಮಗಳ ಮುಂದಿನ ಓದಿಗೆ ಚಳ್ಳಕೆರೆಯೇ ಅನುಕೂಲ ಎಂದು ಇಲ್ಲೇ ಒಂದು ಬಾಡಿಗೆ ಮನೆ ಹಿಡಿದೆವು. ಮಗ್ಗಗಳನ್ನು ಅವರ ತಮ್ಮ ನೋಡಿಕೊಳ್ಳುವುದು, ಇವರು ಬಸ್ಸಿನಲ್ಲಿ ಹೋಗಿ ಬರುವುದು ಎಂದಾಯಿತು. ಇನ್ನು ಮನೆಗೆ ಸಾಮಾನು ಕೂಡಿಸಬೇಕಿತ್ತು. ಆ ವಯಸ್ಸಿನಲ್ಲಿ ನಮಗೆ ಬೇರೆ ಥರದ ಮಾತು ಬರುತ್ತಿರಲಿಲ್ಲ. ಸಂಜೆ ಫೋನು ಬಂದರೆ ಮಿಕ್ಸಿ, ವಾಷಿಂಗ್ ಮೆಷಿನ್, ಫ್ರಿಜ್ಜು, ಅವುಗಳ ಕೋಡು.

ಅವರಿಗೆ ಕೋಡು ಕಂಡರೆ ಮಕ್ಕಳ ಹಾಗೆ ಆಸೆ. ಸಿಕ್ಕಸಿಕ್ಕ ಗ್ರೂಪಿನಲ್ಲಿ ಬಂದದ್ದನ್ನೆಲ್ಲ ಕಳಿಸುತ್ತಿದ್ದರು. ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಯಾರು ಕೇಳಿದರೂ ಓಟಿಪಿ ಹೇಳಬೇಡಿ ಎಂದು ನಾನು ಗದರುತ್ತಿದ್ದೆ. ಒಂದು ಕೋಡಿಗೆ ಸ್ವಲ್ಪ ಮೊತ್ತ ಕಮ್ಮಿಬಿದ್ದಿತೆಂದು ನಮಗೆ ಬೇಡವೇ ಬೇಡದ ಸ್ಪೀಕರ್ ಸೇರಿಸಹೊರಟಿದ್ದರು. "ಕೋಡ್ ಇರಲಿಲ್ಲ ಅಂದಿದ್ರೆ ಇದನ್ನ ತಗೋತಿದ್ವಾ, ಅಷ್ಟು ಕೇಳ್ಕೊಳ್ರಿ ಸಾಕು," ಎಂದೆ. ಅಂದಿನಿಂದ ಯಾವ ಸಾಮಾನು ನೋಡಿದರೂ ಅವರೇ ಆ ಪ್ರಶ್ನೆ ಕೇಳಿ, ಇಲ್ಲ ಬೇಡ ಬಿಡಿ ಎಂದು ತಾವೇ ಉತ್ತರ ಹೇಳುತ್ತಿದ್ದರು. ಹೊಸ ಗಿರಾಕಿಗೆ ಒಂದೇ ಸಲ ಸಿಗುವ ಕೋಡನ್ನು ಮಿಕ್ಸಿಗೆ ಕಳೆಯದೆ ವಾಷಿಂಗ್ ಮೆಷಿನ್ನಿಗೆ ಉಳಿಸಿಕೊಂಡೆವು. ಕೆಟ್ಟರೆ ರಿಪೇರಿಗೆ ಚಳ್ಳಕೆರೆಗೆ ಯಾರಾದರೂ ಬರುತ್ತಾರಾ ಎಂದು ವಿಚಾರಿಸಿಕೊಂಡೆವು. ಎರಡು ಬಾಗಿಲಿನ ದೊಡ್ಡ ಫ್ರಿಜ್ಜು ಅವರ ಕಣ್ಣಿಗೆ ಬಿದ್ದಾಗ, ಮೂರು ಜನಕ್ಕೆ ಅಷ್ಟು ದೊಡ್ಡದು ಯಾಕೆ ಎಂದೆ. ಅವರು, "ಹೌದಲ್ಲ, ಮೂರು ಜನ," ಎಂದರು. ಆ ಮಾತು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಫೋನಿಟ್ಟ ಮೇಲೂ ಒಬ್ಬಳೇ ನಗುತ್ತಿದ್ದೆ.

ಹಬ್ಬದ ಮಾರಾಟದಲ್ಲಿ ಫ್ರಿಜ್ಜಿಗೆ ಒಳ್ಳೆಯ ಕೋಡು ಬಂತು. ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟರೆ ಬೆಲೆ ಇನ್ನೂ ಇಳಿಯುತ್ತಿತ್ತು. ಹಳೆಯದು ಸರಿಯಾಗಿ ತಣ್ಣಗಾಗುತ್ತಿರಲಿಲ್ಲ, ಬಾಗಿಲ ರಬ್ಬರ್ ಹರಿದಿತ್ತು, ಹೇಗೂ ಬಿಟ್ಟು ಬರುವುದೇ, ಕೊಟ್ಟುಬಿಡೋಣ ಎಂದರು. ನಾನು ಷರತ್ತುಗಳನ್ನೆಲ್ಲ ಓದಿದೆ. ಹೊಸದು ತಲುಪುವ ವಿಳಾಸದಲ್ಲೇ ಹಳೆಯದನ್ನು ಒಯ್ಯುತ್ತಾರೆ, ಅದಕ್ಕೆ ಮೊಳಕಾಲ್ಮೂರಿಗೇ ತರಿಸಿ ಎಂದೆ. ಬಂದವರು ಹಳೆಯದನ್ನು ಚಾಲೂ ಮಾಡಿ ನೋಡುತ್ತಾರೆ, ಪ್ಲಗ್ ತೆಗೆಯಬೇಡಿ ಎಂದೆ. ನಮ್ಮ ಲೆಕ್ಕದಲ್ಲಿ ಎಲ್ಲೂ ತಪ್ಪಿರಲಿಲ್ಲ.

ಮಗಳು ಕಾಲೇಜಿಗೆ ಹೋಗಿದ್ದಾಗ ಹೊಸದು ಬಂತು, ಹಳೆಯದು ಹೋಯಿತು. ಸಂಜೆ ಹುಡುಗಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳಂತೆ. "ಪಾತದಿ ಏದಿ, ನಾಯ್ನಾ?" ಎಂದು ಕೇಳಿದಳಂತೆ. ಹಳೆಯದೆಲ್ಲಿ ಅಪ್ಪಾ ಎಂದು. ಕೊಟ್ಟೆ ಎಂದಾಗ ಬ್ಯಾಗು ಹೆಗಲಿನಿಂದ ಇಳಿಸದೆ ಅಲ್ಲೇ ನೆಲದ ಮೇಲೆ ಕೂತಳಂತೆ.

ಮರುದಿನ ಬೆಳಿಗ್ಗೆ ಅವರು ಫೋನಿನಲ್ಲಿ ಇದನ್ನು ಹೇಳಿದರು. ಆ ಸ್ಟಿಕ್ಕರುಗಳು ಅವರ ಹೆಂಡತಿಯವು. ಕಾಯಿಲೆ ಬಿದ್ದಮೇಲೂ ಆಕೆ ದಿನಾ ಮುಖ ತೊಳೆಯುವ ಮೊದಲು ಹಣೆಯದನ್ನು ಅಲ್ಲಿ ಅಂಟಿಸುತ್ತಿದ್ದಳು. ದಾವಣಗೆರೆಯ ಆಸ್ಪತ್ರೆಗೆ ಹೊರಟ ದಿನ ಅಂಟಿಸಿದ್ದೂ ಅಲ್ಲೇ ಇತ್ತು. ಹುಡುಗಿ ನಾಲ್ಕು ವರ್ಷವೂ ಆ ಕಡೆಯನ್ನು ಒರೆಸದೆ, ಒರೆಸಲು ಬಿಡದೆ ಕಾಪಾಡಿಕೊಂಡು ಬಂದಿದ್ದಳು. ಇವರಿಗೆ ಅದು ಗೊತ್ತೇ ಇರಲಿಲ್ಲ. ದಿನಾ ಅದರ ಮುಂದೆಯೇ ಓಡಾಡಿದವರು.

ಆರ್ಡರ್ ರದ್ದು ಮಾಡಿದರೆ ಹಳೆಯದು ವಾಪಸ್ ಬರುತ್ತದೆಯೇ ಎಂದು ಕಂಪನಿಗೆ ಫೋನು ಮಾಡಿದೆ. ಒಮ್ಮೆ ಒಯ್ದದ್ದನ್ನು ಕೊಡಲು ಬರುವುದಿಲ್ಲ ಎಂದರು, ಆ ಷರತ್ತನ್ನೂ ನಾನು ಓದಿದ್ದೆ. ಮಿಲ್ಲಿಗೆ ರಜೆ ಹಾಕಿ, ಚಳ್ಳಕೆರೆಯಿಂದಲೇ ಮೊಳಕಾಲ್ಮೂರಿಗೆ ಸಾಮಾನು ತಲುಪಿಸುವವರ ಗೋಡೌನಿಗೆ ಹೋದೆ. ಹಳೆಯವೆಲ್ಲ ಗುಜರಿಯವರಿಗೆ ಹೋಗುತ್ತವೆ, ಯಾರಿಗೆಂದು ಹೇಳಲಾರೆವು ಎಂದರು. ಚಳ್ಳಕೆರೆಯ ಗುಜರಿ ಅಂಗಡಿಗಳಿಗೆಲ್ಲ ಅಲೆದೆ. ಬಹಳ ಕಡೆ, ಹಳೇ ಫ್ರಿಜ್ಜು ಹುಡುಕುವ ಹೆಂಗಸನ್ನು ಕಂಡು ಅವರಿಗೆ ನಗು. ಒಂದು ಕಡೆ ಮಾತ್ರ ಬಿಳಿ ಟೋಪಿಯ ವಯಸ್ಸಾದ ಸಾಹೇಬರೊಬ್ಬರು ನನ್ನನ್ನು ಕೂರಿಸಿ ಎಲ್ಲ ಕೇಳಿದರು.

"ಫ್ರಿಜ್ ಬಂದ್ರೆ ಅವತ್ತೇ ಬಿಚ್ಚಿಬಿಡ್ತೀವಮ್ಮ. ತಗಡು ಬೇರೆ, ಮೋಟ್ರು ಬೇರೆ. ಆದ್ರೂ ನೋಡಾಣ ಬಾ," ಎಂದರು.

ಹಿತ್ತಿಲಲ್ಲಿ ಬಿಚ್ಚಿದ ತಗಡುಗಳನ್ನು ಪೇರಿಸಿಟ್ಟಿದ್ದರು. ಅವರೇ ಬಗ್ಗಿ ಕೆಂಪು ಬಣ್ಣದ್ದನ್ನೆಲ್ಲ ಹೊರಗೆಳೆದು, ಹೆಗಲ ಮೇಲಿನ ವಸ್ತ್ರದಿಂದ ಧೂಳು ಒರೆಸಿ ನನ್ನತ್ತ ಹಿಡಿದರು. ಒಂದರಲ್ಲಿ ಮಕ್ಕಳು ಅಂಟಿಸಿದ ಕಾರ್ಟೂನು ಚಿತ್ರವಿತ್ತು, ಇನ್ನೊಂದರಲ್ಲಿ ಗ್ಯಾಸಿನವನ ನಂಬರು. ನಾನು ಹುಡುಕುತ್ತಿದ್ದದ್ದು ಇರಲಿಲ್ಲ. ನನ್ನ ನಂಬರು ಬರೆದುಕೊಂಡು, ಬಂದರೆ ತಿಳಿಸುತ್ತೇನೆಂದರು. ಕೆಲವು ದಿನದ ಮೇಲೆ ನಿಜವಾಗಿಯೂ ಕರೆದರು. ಊಟ ಬಿಟ್ಟು ಆಟೋದಲ್ಲಿ ಓಡಿದೆ. ಅದು ಬೇರೆ ಯಾರದೋ ಮನೆಯದು.

ಈ ಹುಡುಕಾಟದ ವಿಷಯ ಹುಡುಗಿಗೆ ಹೇಳಬೇಡಿ ಎಂದು ಅವರಿಗೆ ನಾನೇ ಹೇಳಿದ್ದೆ. ಸಿಕ್ಕರೆ ಸಿಗಲಿ, ಸುಮ್ಮನೆ ಆಸೆ ಹುಟ್ಟಿಸುವುದು ಬೇಡ ಎಂದು.

ಆಮೇಲೆ ಸಂಜೆಯ ಫೋನುಗಳು ಕಮ್ಮಿಯಾದವು. ಒಂದು ಭಾನುವಾರ ಅವರು ಚಳ್ಳಕೆರೆಯ ಬಾಡಿಗೆ ಮನೆಗೆ ಬಂದರು. ಕುರ್ಚಿ ಇನ್ನೂ ತಂದಿರಲಿಲ್ಲ, ವಾಷಿಂಗ್ ಮೆಷಿನ್ನಿನ ಖಾಲಿ ಡಬ್ಬಕ್ಕೆ ಒರಗಿ ನೆಲದ ಮೇಲೆ ಕೂತರು. ಮಗಳು ಅತ್ತಳಾ, ಬೈದಳಾ ಎಂದು ಕೇಳಿದೆ. ಇಲ್ಲ ಎಂದರು. ಮದುವೆ ಮಾಡಿಕೊ ನಾಯ್ನಾ, ನಾನು ಹಾಸ್ಟೆಲಿನಲ್ಲಿ ಇರುತ್ತೇನೆ ಎಂದಳಂತೆ.

"ಅವಳು ಬ್ಯಾಡ ಅಂದಿದ್ರೆ ಸಮಾಧಾನ ಮಾಡ್ತಿದ್ದೆ. ಬ್ಯಾಡ ಅನ್ನಲಿಲ್ಲ. ಅದೇ ನನ್ನ ಕೈಲಿ ತಡ್ಕೊಳ್ಳೋಕೆ ಆಗ್ತಿಲ್ಲ," ಎಂದರು. ಆಮೇಲೆ, "ನಿಮ್ಮದೇನೂ ತಪ್ಪಿಲ್ರಿ," ಎಂದರು.

ಸ್ವಲ್ಪ ದಿನ ಕಾಯೋಣ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ಹೇಳಲಿಲ್ಲ. ಕಾಯಲು ಒಪ್ಪಿಕೊಳ್ಳುತ್ತಿದ್ದರು, ಕಾಯುತ್ತಾ ಮಗಳು, ನಾನು ಇಬ್ಬರ ನಡುವೆ ಸವೆದುಹೋಗುತ್ತಿದ್ದರು. ಆಯಿತು, ಮದುವೆಯ ಮಾತು ಇಲ್ಲಿಗೆ ಬಿಡೋಣ ಎಂದೆ. ಹೊಸ ಫ್ರಿಜ್ಜನ್ನು ಕಳಿಸುತ್ತೇನೆ ಎಂದರು, ಬೇಡ, ನಿಮ್ಮ ಮನೆಯಲ್ಲಿ ಈಗ ಬೇರೆ ಇಲ್ಲವಲ್ಲ ಎಂದೆ. ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದೆ. ದಾರಿಯಲ್ಲಿ ಬಿಸಿಲು ಜಾಸ್ತಿ ಐತೆ ಎಂದರು, ಹೌದು ಎಂದೆ. ಮೊಳಕಾಲ್ಮೂರಿನ ಬಸ್ಸು ನಿಂತೇ ಇತ್ತು.

ಬಾಡಿಗೆ ಮನೆ ಬಿಟ್ಟೆ. ಮಿಕ್ಸಿಯನ್ನೂ ಮೆಷಿನ್ನನ್ನೂ ಅತ್ತಿಗೆ ಬಳಸುತ್ತಾಳೆ. ಮಿಲ್ಲಿನವರು ಈಗಲೂ ಟೀವಿಯೋ ಫೋನೋ ಕೊಳ್ಳುವ ಮುಂಚೆ ನನಗೆ ಕೋಡು ತೋರಿಸುತ್ತಾರೆ. ಸಣ್ಣ ಅಕ್ಷರ ಓದಿ ಹೇಳುತ್ತೇನೆ. ಎಕ್ಸ್‌ಚೇಂಜ್ ಎಂದರೆ, ಮನೆಯಲ್ಲಿ ಎಲ್ಲರನ್ನೂ ಕೇಳಿದಿರಾ ಎನ್ನುತ್ತೇನೆ. ಹಳೇ ಟೀವಿಗೆ ಯಾರನ್ನು ಕೇಳೋದು ಮೇಡಂ ಎಂದು ನಗುತ್ತಾರೆ.

ಪಿಯುಸಿ ಫಲಿತಾಂಶ ಬಂದಮೇಲೆ ಒಂದು ಮಧ್ಯಾಹ್ನ ಆ ಹುಡುಗಿ ಫೋನು ಮಾಡಿದಳು. ಅಲ್ಲಿಯವರೆಗೆ ನನ್ನನ್ನು ಏನೆಂದೂ ಕರೆದವಳಲ್ಲ. ಅಕ್ಕಾ ಎಂದಳು. ಪಾಸಾಗಿದ್ದೇನೆ ಎಂದಳು. ಹಿಂದೆ ಮಗ್ಗದ ಸದ್ದು ಕೇಳಿಸುತ್ತಿತ್ತು.

"ನೀವು ಗುಜರಿ ಅಂಗಡಿಗೆಲ್ಲ ಹೋಗಿದ್ರಂತೆ. ನಾಯ್ನಾ ನಿನ್ನೆ ಹೇಳಿದ್ರು," ಎಂದಳು.

"ಹೋಗಿದ್ದೆ. ಸಿಗಲಿಲ್ಲಮ್ಮ," ಎಂದೆ.

ಅವಳು ಹೂಂ ಎಂದಳು. ಊಟ ಆಯ್ತಾ ಅಕ್ಕಾ ಎಂದು ಕೇಳಿದಳು, ಆಯಿತು ಎಂದೆ. ಚೆನ್ನಾಗಿ ಓದು ಎಂದು ಹೇಳಿ ಇಟ್ಟೆ. ಅವರು ಬಸ್ಸು ಹತ್ತಿದ ದಿನ ಬಾರದ ಅಳು ಆಗ ಬಂತು. ಮಿಲ್ಲಿನ ಶೆಡ್ಡಿನ ಹಿಂದೆ, ಶೇಂಗಾ ಹಿಂಡಿಯ ಚೀಲಗಳ ಪಕ್ಕ ನಿಂತು ಅತ್ತುಬಿಟ್ಟೆ. ಆಮೇಲೆ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಒಳಗೆ ಹೋದೆ.