ದೊಡ್ಡಮ್ಮನ ನಾಲ್ಕನೆಯ ಬಳೆ

ಠಣ್, ಠಣ್, ಠಣ್, ಠಕ್.

ಕಿಗ್ಗದ ಹತ್ತಿರದ ಒಂದು ಹೋಂಸ್ಟೇಯ ಜಗುಲಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆ. ನರಸಿಂಹರಾಜಪುರದ ನಮ್ಮ ಶಾಲೆಯಲ್ಲಿ ಹೆಡ್‌ಮಾಸ್ಟರು ನಿವೃತ್ತರಾಗಿದ್ದರು. ಟೀಚರುಗಳೆಲ್ಲ ಸೇರಿ ಒಂದು ದಿನ ಹೊರಗೆ ಊಟ ಮಾಡಿ ಬರೋಣವೆಂದು ಹೋಗಿದ್ದೆವು. ಮೆಟ್ಟಿಲ ಪಕ್ಕದಲ್ಲಿ ದೊಡ್ಡ ತಾಮ್ರದ ಕೊಪ್ಪರಿಗೆಯೊಂದಕ್ಕೆ ನೀರು ತುಂಬಿ ದಾಸವಾಳದ ಹೂ ತೇಲಿಬಿಟ್ಟಿದ್ದರು. ಯಾರದೋ ಪುಟ್ಟ ಹುಡುಗಿ ಅದರ ಸುತ್ತ ತಿರುಗುತ್ತ, ಎತ್ತಲೆಂದು ಕೂರಿಸಿದ್ದ ನಾಲ್ಕು ಹಿಡಿಬಳೆಗಳನ್ನು ಒಂದೊಂದಾಗಿ ಎತ್ತಿ ಬಿಡುತ್ತಿದ್ದಳು. ಮೂರು ಬಳೆಗಳು ಠಣ್ ಎಂದವು. ನಾಲ್ಕನೆಯದು ಠಕ್ ಎಂದಿತು. ನನ್ನ ಕೈಯ ಲೋಟ ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ಆ ಸದ್ದು ಕೇಳಿ ಮೂವತ್ತು ವರ್ಷಗಳ ಮೇಲಾಗಿತ್ತು. ಹೋಂಸ್ಟೇಯಲ್ಲಿ ಎಲ್ಲಿಂದ ಬರಬೇಕು ಹೇಳಿ, ಆದರೂ ನನ್ನ ಮೂಗಿಗೆ ಆಗತಾನೆ ಬೀಸಿದ ಬಿಸಿ ಅಕ್ಕಿಹಿಟ್ಟಿನ ವಾಸನೆ ಬಂತು.

ಅಪ್ಪನದು ಹಿಟ್ಟಿನ ಗಿರಣಿ. ಕೊಪ್ಪದಿಂದ ಶೃಂಗೇರಿಗೆ ಹೋಗುವ ರಸ್ತೆಗೆ ಅಂಟಿಕೊಂಡ ಸಣ್ಣ ಊರು ನಮ್ಮದು. ಗಿರಣಿಯ ಹಿಂದಿನ ಎರಡು ಕೋಣೆಗಳೇ ಮನೆ. ಬೆಳಗ್ಗೆ ಬೆಲ್ಟು ಪಟಪಟ ಎನ್ನಲು ಶುರುವಾದರೆ ಗೋಡೆ, ಅಡಿಗೆಮನೆಯ ಡಬ್ಬಿಗಳು, ನಾನು ಒಪ್ಪಿಸುವ ಮಗ್ಗಿ ಎಲ್ಲವೂ ಅದೇ ತಾಳಕ್ಕೆ ನಡುಗುತ್ತಿದ್ದವು. ಅಪ್ಪನ ತಲೆ, ಹುಬ್ಬು, ಕಿವಿಯ ಮೇಲಿನ ಕೂದಲು ಸದಾ ಬೆಳ್ಳಗೆ. ಹೊಸಬರು ಯಾರಾದರೂ "ಅಜ್ಜ" ಎಂದು ಕರೆದರೆ, "ಸ್ನಾನ ಮಾಡಿ ಬರ್ತೀನಿ ತಡಿ ಮಾರಾಯ, ನಿನಗಿಂತ ಸಣ್ಣವ ನಾನು" ಎನ್ನುತ್ತಿದ್ದ. ಸಾಲಾಗಿ ಇಟ್ಟ ಐವತ್ತು ಡಬ್ಬಿಗಳಲ್ಲಿ ಯಾವುದು ಯಾರದು, ಯಾರಿಗೆ ಹಿಟ್ಟು ನುಣ್ಣಗಿರಬೇಕು, ಯಾರಿಗೆ ತರಿಯಾಗಿರಬೇಕು ಎಂದು ಚೀಟಿಯಿಲ್ಲದೆ ಹೇಳುತ್ತಿದ್ದ. ಸಂಜೆ ಗಿರಣಿ ನಿಂತರೆ ಊರಿನ ಕೆಲಸ ಶುರು. ಶಾಲೆಯ ಹೆಂಚು ಹೊದಿಸುವುದಿರಲಿ, ಬಾವಿಯ ಹೂಳು ಎತ್ತುವುದಿರಲಿ, ಹೆರಿಗೆಗೆ ಜೀಪು ಗೊತ್ತುಮಾಡುವುದಿರಲಿ, ಗಿರಣಿ ಸುಬ್ಬಣ್ಣ ಬಂದನೆಂದರೆ ಅಲ್ಲಿ ಅರ್ಧ ಕೆಲಸ, ಅರ್ಧ ನಗು. ಅವನ ಮಾತಿಗೆ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಮಂಜಪ್ಪ ಮಾವ. ನಂಟಿನಲ್ಲಿ ಮಾವನಲ್ಲ, ಅಪ್ಪನ ಜೀವದ ಗೆಳೆಯ. ದಿನಾ ಸಂಜೆ ಬಂದು ಹಿಟ್ಟಿನ ಮೂಟೆಯ ಮೇಲೆ ಕೂರುತ್ತಿದ್ದ, ಎದ್ದು ಹೋಗುವಾಗ ಅವನ ಪಂಚೆಯ ಹಿಂಭಾಗವೆಲ್ಲ ಬಿಳಿ. ನಾವು ಮಕ್ಕಳು ಅದನ್ನು ನೋಡಿ ನಗಲೆಂದೇ ಕಾಯುತ್ತಿದ್ದೆವು.

ಗಿರಣಿಯ ಅಟ್ಟದ ಮೇಲೆ ಇಡೀ ಊರಿಗೆ ಸೇರಿದ ಮೂರು ಕೊಪ್ಪರಿಗೆಗಳಿದ್ದವು. ನಿಮ್ಮೂರಲ್ಲೂ ಇಂಥದೊಂದು ಅಟ್ಟ ಇದ್ದಿರಬೇಕು. ಯಾರ ಮನೆಯಲ್ಲಿ ಮದುವೆಯಾಗಲಿ, ತಿಥಿಯಾಗಲಿ, ಕೇಳಿ ಒಯ್ಯುವುದು, ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿಸಿ ತಂದುಕೊಡುವುದು. ಕಾಯುವ ಜವಾಬ್ದಾರಿ ಅಪ್ಪನದು. ಅವಕ್ಕೆ ಹೆಸರಿಟ್ಟವನೂ ಅವನೇ: ದೊಡ್ಡಮ್ಮ, ನಡುವಿನಮ್ಮ, ಚಿಕ್ಕಮ್ಮ. "ದೊಡ್ಡಮ್ಮ ಮದುವೆಗೆ ಹೋಗಿದಾಳೆ, ನಾಡಿದ್ದು ಬರ್ತಾಳೆ" ಎಂದು ಅಪ್ಪ ಗಂಭೀರವಾಗಿ ಹೇಳಿದರೆ ಹೊಸದಾಗಿ ಬಂದ ಮಾಸ್ತರರು ಮನೆಯ ಹಿರಿಯರ ಬಗ್ಗೆ ವಿಚಾರಿಸುತ್ತಿದ್ದರು. ಒಮ್ಮೆ ಜೀಪಿನಿಂದ ಇಳಿಸುವಾಗ ದೊಡ್ಡಮ್ಮನ ಒಂದು ಬಳೆ ಕಿತ್ತುಬಂತು. ಅಪ್ಪ ಗಿರಣಿಯ ಹಳೆಯ ಕಬ್ಬಿಣದ ಬೋಲ್ಟೊಂದನ್ನು ಹಾಕಿ ಬಿಗಿದ. ಅಂದಿನಿಂದ ಆ ಬಳೆಗೆ ನಾದವಿಲ್ಲ. ಪಾತ್ರೆ ವಾಪಸು ಬಂದಾಗಲೆಲ್ಲ ನಾಲ್ಕನ್ನೂ ಎತ್ತಿ ಬಿಟ್ಟು, "ಮೂವರು ಹಾಡ್ತಾರೆ, ನಾಲ್ಕನೆಯವಳಿಗೆ ಮಾತ್ರ ಗಂಟಲು ಕಟ್ಟಿದೆ" ಎಂದು ಕಷಾಯ ಮಾಡಲು ಅಮ್ಮನಿಗೆ ಹೇಳುತ್ತಿದ್ದ. ಇನ್ನೊಂದು ರೂಢಿಯಿತ್ತು. ಊರಿನ ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದು. ಒಂದು ಬಾಳೆಲೆಯ ತುಣುಕಿನಲ್ಲಿ ನಾಲ್ಕು ಹೋಳಿಗೆಯೋ ಒಂದು ಹಿಡಿ ಸಿಹಿ ಬೂಂದಿಯೋ, ಏನೂ ಇಲ್ಲದವರು ಒಂದು ಅಚ್ಚು ಬೆಲ್ಲವಾದರೂ ಒಳಗಿಟ್ಟು ತರಬೇಕು. ಬಗ್ಗಿದರೂ ನನ್ನ ಕೈ ದೊಡ್ಡಮ್ಮನ ತಳ ಮುಟ್ಟುತ್ತಿರಲಿಲ್ಲ. ಅಪ್ಪ ನನ್ನ ಕಾಲು ಹಿಡಿದು ತಲೆಕೆಳಗಾಗಿ ಒಳಗೆ ಇಳಿಸುತ್ತಿದ್ದ. ತಾಮ್ರದ ವಾಸನೆಯ ಆ ಕತ್ತಲಲ್ಲಿ ಸಿಕ್ಕ ಹೋಳಿಗೆಯ ರುಚಿ ಆಮೇಲೆ ಯಾವ ಹೋಳಿಗೆಗೂ ಬರಲಿಲ್ಲ.

ನಾನು ಆರನೆಯ ಕ್ಲಾಸಿನಲ್ಲಿದ್ದಾಗ ದೊಡ್ಡಮ್ಮ ಹೋದವಳು ಬರಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು. ಯಾರದೋ ಮದುವೆಗೆ ಬೇಕಾಗಿ, ಸಿಗದೆ ಮಾತು ಬೆಳೆಯಿತು. ಶಾಲೆಯ ಜಗುಲಿಯಲ್ಲಿ ಊರು ಸೇರಿತು. ತಮ್ಮಲ್ಲಿಲ್ಲ ಎಂದು ಒಬ್ಬೊಬ್ಬರೇ ಹೇಳಿದರು. ಮಂಜಪ್ಪ ಮಾವನೂ ಹೇಳಿದ. ಆಮೇಲೆ ಅವನೇ ಎದ್ದು ನಿಂತು, "ಸುಬ್ಬಣ್ಣ, ಯಾರಿಗೆ ಕೊಟ್ಟೆ ಅಂತ ಹೇಳಿಬಿಡು ಮಾರಾಯ. ಊರಿನ ಸ್ವತ್ತು ಅದು" ಎಂದ. ಅಪ್ಪ ಅವನ ಮುಖವನ್ನೇ ನೋಡಿದ. ಮತ್ತೆ ನಕ್ಕು, "ದೊಡ್ಡಮ್ಮನಿಗೆ ತವರಿನ ನೆನಪಾಗಿರ್ಬೇಕು. ಬರ್ತಾಳೆ ಬಿಡಿ" ಎಂದ. ಯಾರೂ ನಗಲಿಲ್ಲ. ಅಪ್ಪನ ಮಾತಿಗೆ ಜನ ನಗದೆ ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಪ್ಪ ಸೊಂಟದಿಂದ ಅಟ್ಟದ ಬೀಗದಕೈ ಬಿಚ್ಚಿ ಜಗುಲಿಯ ಮೇಲಿಟ್ಟು ಎದ್ದು ಬಂದ.

ಆ ವರ್ಷವೇ ಗಿರಣಿಗೆ ಹೊಸ ಮೋಟಾರು ಬಂದಿತ್ತು. ತಾಮ್ರ ಮಾರಿ ಮೋಟಾರು ತಂದ ಎಂದು ಊರು ಆಡಿಕೊಂಡಿತು. ಅಮ್ಮ ಅತ್ತು ಕೇಳಿದಳು, "ಯಾರಿಗೆ ಕೊಟ್ರಿ ಹೇಳ್ರಿ, ನಾನೇ ಹೋಗಿ ಕಾಲು ಹಿಡೀತೀನಿ." ಅಪ್ಪನದು ಒಂದೇ ಉತ್ತರ, "ಮರೆತುಹೋಯ್ತು ಕಣೆ." ಐವತ್ತು ಡಬ್ಬಿ ನೆನಪಿಟ್ಟುಕೊಳ್ಳುತ್ತಿದ್ದವನಿಗೆ ಒಂದು ಕೊಪ್ಪರಿಗೆ ಮರೆತುಹೋಯಿತಂತೆ! ನಾನು ನಂಬಲಿಲ್ಲ. ಶಾಲೆಯಲ್ಲಿ ನನ್ನನ್ನು ಕೊಪ್ಪರಿಗೆ ಕಳ್ಳನ ಮಗಳು ಎಂದು ಕರೆದರು. ಹಾಗಾದರೆ ನಿಜವೇ ಇರಬೇಕು ಅಂದುಕೊಂಡೆ. ಹೌದು, ಅಂದುಕೊಂಡೆ. ಡಬ್ಬಿಗಳ ಸಾಲು ಸಣ್ಣದಾಯಿತು, ಜನ ಹಿಟ್ಟು ಬೀಸಿಸಲು ಶೃಂಗೇರಿಯ ಬಸ್ಸು ಹತ್ತಿದರು. ಮಂಜಪ್ಪ ಮಾವ ಸಂಜೆ ಬರುವುದನ್ನು ಬಿಟ್ಟ. ಅವನಿಗೂ ಬೇಸರವಾಗಿರಬೇಕು, ಪಾಪ ಎಂದು ಅಮ್ಮ ಅನ್ನುತ್ತಿದ್ದಳು. ಒಂದು ದಿನ ಅಪ್ಪ ಬೆಲ್ಟು ಬಿಚ್ಚಿ ಸುತ್ತಿಟ್ಟ. ನಾವು ನರಸಿಂಹರಾಜಪುರಕ್ಕೆ ಬಂದೆವು. ಇಲ್ಲಿ ಇನ್ನೊಬ್ಬರ ಗಿರಣಿಯಲ್ಲಿ ದುಡಿದು ನನ್ನನ್ನು ಓದಿಸಿದ, ಟೀಚರು ಮಾಡಿದ. ಸಂಜೆ ಯಾರೋ ಬರುತ್ತಾರೆಂಬಂತೆ ಬಾಗಿಲಲ್ಲಿ ಕೂರುವುದನ್ನು ಮಾತ್ರ ಸಾಯುವವರೆಗೂ ಬಿಡಲಿಲ್ಲ. ನಮ್ಮ ಹಳೆಯ ಮನೆ, ಗಿರಣಿ ಎಲ್ಲ ರಸ್ತೆ ಅಗಲ ಮಾಡುವಾಗ ಹೋದವು.

ಹೋಂಸ್ಟೇಯ ಆ ಹುಡುಗಿಯನ್ನು ಪಕ್ಕಕ್ಕೆ ಸರಿಸಿ ನೋಡಿದೆ. ಗಿರಣಿಯ ಬೋಲ್ಟು ತುಕ್ಕು ಹಿಡಿದು ಅಲ್ಲೇ ಕೂತಿತ್ತು. ಒಳಗಿನ ಕುರ್ಚಿಯಲ್ಲಿದ್ದ ಮುದುಕ ಕೋಲೂರಿ ಎದ್ದು ಬಂದ. ಮಂಜಪ್ಪ ಮಾವ. ಹೋಂಸ್ಟೇ ಅವನ ಮಗನದಂತೆ, ಮನೆ ಅವನ ಹೆಂಡತಿಯ ತವರಿನದು.

"ಸುಬ್ಬಣ್ಣನ ಮಗಳಲ್ವ ನೀನು?"

"ಹೌದು ಮಾವ. ಇದು ನಮ್ಮ ದೊಡ್ಡಮ್ಮ."

ಅವನು ತಡವರಿಸಲಿಲ್ಲ, ಅದೇ ನನಗೆ ಹೆಚ್ಚು ಉರಿಯಿತು. "ಇಲ್ಲೊಂದು ಕಾರ್ಯ ಇತ್ತು, ನಿನ್ನಪ್ಪನೇ ಜೀಪಿಗೆ ಎತ್ತಿಕೊಟ್ಟಿದ್ದ. ನಾಳೆ ತರ್ತೀನಿ, ನಾಡಿದ್ದು ತರ್ತೀನಿ ಅಂತ ಉಳೀತು. ಅಷ್ಟೂ ಜನರ ಮುಂದೆ ಒಂದ್ಸಲ ಇಲ್ಲ ಅಂದ ಮೇಲೆ ಹೆಂಗೆ ತರೋದು ಹೇಳು?"

"ಅಪ್ಪನಿಗೆ ಮರೆತಿರಲಿಲ್ಲ, ಅಲ್ವ?"

"ಅವ್ನಿಗೆ ಎಂತದು ಮರೆಯೋದು. ನಾನೇ ಬಂದು ಹೇಳ್ಲಿ ಅಂತ ಕಾದ."

ಆ ಮುದುಕನ ಮೇಲೆ ಬಂದ ಸಿಟ್ಟಿನಷ್ಟೇ ಸಿಟ್ಟು ಅಪ್ಪನ ಮೇಲೂ ಬಂತು. ಗೆಳೆಯನ ಮುಖ ಉಳಿಸಲು ಹೆಂಡತಿಯ ಕಣ್ಣೀರು, ನನ್ನ ಶಾಲೆ, ಗಿರಣಿ ಎಲ್ಲ ಕೊಟ್ಟೆಯಲ್ಲ ಅಪ್ಪ, ನಮ್ಮನ್ನು ಒಂದು ಮಾತು ಕೇಳಿದೆಯಾ? ಮಂಜಪ್ಪ ಮಾವನಿಗೆ ಇಷ್ಟೇ ಹೇಳಿದೆ: "ಇದನ್ನು ಊರಿಗೆ ಕಳಿಸಿ. ನೀವೂ ಜೊತೆಗೆ ಬಂದು, ಶಾಲೆಯ ಜಗುಲಿಯಲ್ಲಿ ನಿಂತು, ಇದು ಎಲ್ಲಿತ್ತು ಅಂತ ಹೇಳಿ. ನಾನೂ ಬರ್ತೀನಿ." ಅವನು ಆಯಿತೆಂದು ತಲೆಯಾಡಿಸಿ, ನನ್ನ ಮನೆ ಎಲ್ಲೆಂದು ಕೇಳಿಕೊಂಡ.

ಮುಂದಿನ ಭಾನುವಾರ ನಮ್ಮ ಮನೆಯ ಮುಂದೆ ಪಿಕಪ್ಪೊಂದು ನಿಂತಿತು. ಡ್ರೈವರು ಮತ್ತು ಇನ್ನೊಬ್ಬ ಸೇರಿ ದೊಡ್ಡಮ್ಮನನ್ನು ಇಳಿಸಿ ಅಂಗಳದಲ್ಲಿಟ್ಟರು. ಊರಿಗೆ ಹೋಗಬೇಕಿತ್ತಲ್ಲ, ಮಂಜಪ್ಪ ಮಾವ ಬರಲಿಲ್ವ ಎಂದೆ. "ಊರಿಗೆ ಅಂತ ಹೇಳ್ಲಿಲ್ಲ ಮೇಡಂ. ಟೀಚರಿಗೆ ಉಡುಗೊರೆ ಅಂತ ಹೇಳಿ ಕೊಡು ಅಂದ್ರು" ಎಂದು ಹೇಳಿ ಡ್ರೈವರು ಗಾಡಿ ತಿರುಗಿಸಿದ. ಅಪ್ಪ ಇದ್ದಿದ್ದರೆ ಇದಕ್ಕೂ ಏನಾದರೂ ಹೇಳಿ ನಗಿಸುತ್ತಿದ್ದ. ನನಗೆ ಅದು ಬರುವುದಿಲ್ಲ. ಗಾಡಿಯ ಸದ್ದು ಅಡಗಿದ ಮೇಲೆ ಹತ್ತಿರ ಹೋಗಿ ನಾಲ್ಕು ಬಳೆಗಳನ್ನೂ ಎತ್ತಿ ಬಿಟ್ಟೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಈ ವಯಸ್ಸಿನಲ್ಲೂ ಒಂದು ಆಸೆಯಿತ್ತು. ಬಗ್ಗಿ ಒಳಗೆ ಕೈ ಹಾಕಿದೆ. ಈಗ ಯಾರೂ ಕಾಲು ಹಿಡಿಯಬೇಕಿರಲಿಲ್ಲ, ಕೈ ಸಲೀಸಾಗಿ ತಳ ಮುಟ್ಟಿತು. ಒಂದು ಅಚ್ಚು ಬೆಲ್ಲವನ್ನೂ ಇಟ್ಟಿರಲಿಲ್ಲ.