ಯಾವಾಗ ಬಳಸಬಾರದು

ಕಳೆದ ಜೂನ್ ಮೊದಲ ಸೋಮವಾರ ಹೆಬ್ಬಳ್ಳಿಯ ಅಜ್ಜಿಯೊಬ್ಬರು ಕಣ್ಣಿನ ಶಸ್ತ್ರಚಿಕಿತ್ಸೆಗೆ ಬಂದಾಗ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಹಿಂದಿನ ದಿನ ಅವರು ಫೋನ್ ಮಾಡಿ, "ನನ್ನ ಪಾಳಿ ಸೋಮವಾರನ ಐತೇನ್ರಿ?" ಎಂದಷ್ಟೇ ಕೇಳಿದ್ದರು. ಆಸ್ಪತ್ರೆಯ ಎಐ ಸಹಾಯಕ ಪಾಳಿಯನ್ನು ಮೂರು ವಾರ ಮುಂದೆ ಹಾಕಿತ್ತು.

ಆ ಸಹಾಯಕವನ್ನು ರೂಪಿಸಿದ್ದು ನವನಗರದ ನಮ್ಮ ಕಚೇರಿ. ಪಾಳಿ ನೋಡಲು ಒಂದು, ಬದಲಿಸಲು ಒಂದು ಎಂದು ಅದಕ್ಕೆ ಬೇರೆ ಬೇರೆ ಸಾಧನಗಳಿವೆ. ಪ್ರತಿ ಸಾಫ್ಟ್‌ವೇರ್ ಸಾಧನಕ್ಕೂ ನಾವು ಬರೆದ ವಿವರಣೆ ಓದಿಯೇ ಅದು ಯಾವುದನ್ನು ಬಳಸಬೇಕೆಂದು ನಿರ್ಧರಿಸುತ್ತದೆ. ಪಾಳಿ ಬದಲಿಸುವ ಸಾಧನಕ್ಕೆ ನಾನು ಬರೆದದ್ದು: "ಪಾಳಿಯ ದಿನಕ್ಕೆ ಬಳಸಿ."

ಈ ವಿವರಣೆಗಳನ್ನು ತಿದ್ದುತ್ತಿದ್ದವರು ನಾವೆಲ್ಲ 'ಬಾಯಾರು' ಎಂದು ಕರೆಯುತ್ತಿದ್ದ ಹಿರಿಯ ಮಹಿಳೆ; ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ನಿವೃತ್ತರಾದವರು. ಎಲ್ಲವನ್ನೂ ಚಹಾ ತರುವ ಕಾಕಾಗೆ ಓದಿ ಹೇಳುತ್ತಿದ್ದರು. ಕಾಕಾ ತಡವರಿಸಿದರೆ ಹಾಳೆ ವಾಪಸ್. ಅವಸರದಲ್ಲಿ ನನ್ನ ಹಾಳೆಯನ್ನು ಅವರಿಗೆ ತೋರಿಸಿರಲಿಲ್ಲ.

ಆ ಸೋಮವಾರ ಅವರು ಕನ್ನಡಕ ಹಾಕಿಕೊಂಡು, ನನ್ನ ಸಾಲು ಓದಿ ಕೇಳಿದರು: "ಪಾಳಿ ಯಾವತ್ತ ಅಂತ ಅಜ್ಜಿ ಕೇಳ್ಯಾರ. ಏನ್ ಮಾಡ್ತೀರಿ ಕಾಕಾ?"

"ಇದನ್ನ ಒತ್ತತೇನ್ರಿ. ಸಾಹೇಬ್ರ ಬರದಾರಲ್ಲ!" ಕಾಕಾ ನಕ್ಕರು.

ಬಾಯಾರು ನಗಲಿಲ್ಲ. ನನ್ನತ್ತ ತಿರುಗಿ ಎಂದಿನ ಮಾತು ಹೇಳಿದರು: "ಯಾವಾಗ ಬ್ಯಾಡ ಅನ್ನೋದನ್ನೂ ಬರೀರಿ."

ಬರೆದೆ: "ಪಾಳಿಯನ್ನು ಬೇರೆ ದಿನಕ್ಕೆ ಬದಲಿಸುತ್ತದೆ. ದಿನ ತಿಳಿಯಲು ಕೇಳಿದರೆ ಬಳಸಬೇಡಿ. ಬದಲಿಸುವ ಮೊದಲು ಒಪ್ಪಿಗೆ ಪಡೆಯಿರಿ." ಅಷ್ಟರಲ್ಲಿ ಬಾಯಾರು ಆಸ್ಪತ್ರೆಗೆ ಫೋನ್ ಮಾಡಿ ಅಜ್ಜಿಗೆ ಶುಕ್ರವಾರದ ಪಾಳಿ ಕೊಡಿಸಿದ್ದರು.

ಡಿಸೆಂಬರ್‌ನಲ್ಲಿ ಬಾಯಾರು ಕೆಲಸ ಬಿಟ್ಟರು. ಕಳೆದ ವಾರ ಅಜ್ಜಿ ಎರಡನೇ ಕಣ್ಣಿಗಾಗಿ ಫೋನ್ ಮಾಡಿ, ಪಾಳಿ ಗುರುವಾರವೇ ಇದೆಯೇ ಎಂದು ಕೇಳಿದರು. ಸಹಾಯಕ "ಹೌದು, ಗುರುವಾರವೇ ಇದೆ" ಎಂದಿತು. ಗುರುವಾರ ಶಸ್ತ್ರಚಿಕಿತ್ಸೆ ನಡೆಯಿತು.